‘ನೋಟರಿ ಮಾಡಿಸಿಕೊಂಡು ಬನ್ನಿ’ ಎನ್ನುವವರಿಗೆ

ತಾಲ್ಲೂಕು ಕಚೇರಿ, ಪಂಚಾಯಿತಿ, ನಗರಸಭೆ, ಕಾಲೇಜು, ಬ್ಯಾಂಕುಗಳಲ್ಲಿ ಅರ್ಜಿ ನಮೂನೆ ರೂಪಿಸುವ, ಅರ್ಜಿಯ ಜೊತೆ ಏನೇನು ಲಗತ್ತಿಸಬೇಕೆಂದು ತೀರ್ಮಾನಿಸುವ ಎಲ್ಲರಿಗೂ,

ಮಾನ್ಯರೇ,

ನಿಮ್ಮ ಅರ್ಜಿ ನಮೂನೆಗಳ ಕೊನೆಯಲ್ಲಿ ‘ಲಗತ್ತಿಸಬೇಕಾದ ದಾಖಲೆಗಳು’ ಎಂಬ ತಲೆಬರಹದಡಿ ಒಂದು ಸಾಲು ಬಹಳ ಕಾಲದಿಂದ ಕೂತಿದೆ: ‘ನೋಟರಿಯಿಂದ ದೃಢೀಕರಿಸಿದ ಅಫಿಡವಿಟ್’. ಹಿಂದಿನ ನಮೂನೆಯಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಅದು ಹೊಸ ನಮೂನೆಗೂ ಬಂದಿರುತ್ತದೆ. ಅದನ್ನು ಸೇರಿಸಲು ನಿಮಗೆ ಅರೆನಿಮಿಷ ಸಾಕು. ಅರ್ಜಿದಾರನಿಗೆ ಮಾತ್ರ ಅದು ಇನ್ನೊಂದು ದಿನದ ಕೆಲಸ. ಸ್ಟಾಂಪ್ ಪೇಪರ್ ತರಬೇಕು, ಕೋರ್ಟಿನ ಎದುರಿನ ಅಂಗಡಿಯಲ್ಲಿ ಟೈಪು ಮಾಡಿಸಬೇಕು, ನೋಟರಿ ವಕೀಲರು ಕೋರ್ಟ್ ಹಾಲಿನಿಂದ ಹೊರಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಊರಿನ ಬಸ್ಸೂ ಹೋಗಿರುತ್ತದೆ, ಆ ದಿನದ ಕೂಲಿಯೂ ಹೋಗಿರುತ್ತದೆ. ಕರ್ನಾಟಕದಲ್ಲಿ ಅಫಿಡವಿಟ್ಟಿನ ಮುದ್ರಾಂಕ ಶುಲ್ಕ 2024ರ ಆರಂಭದಲ್ಲಿ 20 ರೂಪಾಯಿಯಿಂದ 100 ರೂಪಾಯಿಗೆ ಏರಿದ ಮೇಲೆ ನಿಮ್ಮ ಆ ಒಂದು ಸಾಲಿನ ಬೆಲೆ ಇನ್ನೂ ಹೆಚ್ಚಿದೆ. ಆದರೆ ನಾನು ಈ ಪತ್ರ ಬರೆಯುತ್ತಿರುವುದು ಹಣ ಮತ್ತು ಅಲೆದಾಟದ ಬಗ್ಗೆ ಅಷ್ಟೇ ದೂರಲು ಅಲ್ಲ. ನೋಟರಿಯ ಮೊಹರು ಬೇಡದ ಕಡೆಯೆಲ್ಲ ಅದನ್ನು ಕೇಳಿ ಕೇಳಿ ನಾವು ಅದರ ಅರ್ಥವನ್ನೇ ಕೆಡಿಸಿದ್ದೇವೆ. ಅದರ ಪೆಟ್ಟು ನಿಮ್ಮ ಕೌಂಟರಿನಿಂದ ಬಹುದೂರದಲ್ಲಿ, ಯಾರೋ ಜೀವಮಾನದ ಉಳಿತಾಯ ಸುರಿದು ಕೊಂಡ ಸೈಟಿನ ಮೇಲೆ ಬೀಳುತ್ತಿದೆ. ಇದು ನನ್ನ ವಾದ.

ಮೊದಲು, ನೋಟರಿ ಮಾಡುವ ಕೆಲಸವಾದರೂ ಏನು ಎಂಬುದನ್ನು ನೋಡೋಣ. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಭಾರತದ ನೋಟರಿಗಳಿಗೆ ನೇಮಕದ ಅಧಿಕಾರ ಇಂಗ್ಲೆಂಡಿನ ಒಂದು ಚರ್ಚ್ ನ್ಯಾಯಾಲಯದಿಂದ ಬರುತ್ತಿತ್ತು. ಅದನ್ನು ಕೊನೆಗೊಳಿಸಲೆಂದೇ 1952ರಲ್ಲಿ ನಮ್ಮದೇ ನೋಟರಿ ಕಾಯ್ದೆ ಬಂತು. 1956ರಲ್ಲಿ ಅದು ಜಾರಿಯಾಯಿತು, ನಿಯಮಗಳೂ ಅದೇ ವರ್ಷ ಬಂದವು. ಸಾಮಾನ್ಯವಾಗಿ 10 ವರ್ಷ ವಕೀಲಿಕೆ ಮಾಡಿದವರನ್ನು ಕೇಂದ್ರ ಅಥವಾ ರಾಜ್ಯ ಸರ್ಕಾರ ಗೊತ್ತಾದ ಒಂದು ಪ್ರದೇಶಕ್ಕೆ ನೋಟರಿಯಾಗಿ ನೇಮಿಸುತ್ತದೆ. ಕಾಯ್ದೆಯ 8ನೇ ಕಲಂ ಅವರ ಕೆಲಸಗಳನ್ನು ಹೇಳುತ್ತದೆ: ದಸ್ತಾವೇಜಿಗೆ ಸಹಿ ಬಿದ್ದದ್ದನ್ನು ದೃಢೀಕರಿಸುವುದು, ಪ್ರಮಾಣ ಮಾಡಿಸಿ ಅಫಿಡವಿಟ್ ಪಡೆಯುವುದು, ಅನುವಾದ ಮಾಡುವುದು ಅಥವಾ ಮಾಡಿದ ಅನುವಾದವನ್ನು ಪರಿಶೀಲಿಸುವುದು, ಹುಂಡಿ ಮತ್ತು ವಿನಿಮಯ ಪತ್ರಗಳಿಗೆ ಹಣ ಸಿಗದಿದ್ದಾಗ ಅದನ್ನು ವಿಧಿಪೂರ್ವಕ ದಾಖಲಿಸುವುದು, ಇಂಥವು. ಇವೆಲ್ಲದರ ಹಿಂದೆ ಇರುವ ಹೊಣೆ ಒಂದೇ. ಇಂಥ ದಿನ, ಇಂಥ ಕಡೆ, ಇಂಥ ವ್ಯಕ್ತಿ ನನ್ನೆದುರು ಬಂದು ನಿಂತ, ಅವನು ಇವನೇ ಎಂದು ನನಗೆ ಖಾತ್ರಿಯಾಯಿತು, ನನ್ನ ಕಣ್ಣೆದುರೇ ಸಹಿ ಹಾಕಿದ ಅಥವಾ ಪ್ರಮಾಣ ಮಾಡಿದ ಎಂದು ಸರ್ಕಾರದ ನೇಮಕ ಇರುವ ಒಬ್ಬ ಕಾನೂನು ಬಲ್ಲವರು ಬರೆದುಕೊಡುತ್ತಾರೆ. ಅದಕ್ಕೊಂದು ರಿಜಿಸ್ಟರು ಇದೆ, ಅದರಲ್ಲಿ ಕ್ರಮಸಂಖ್ಯೆ ಬೀಳುತ್ತದೆ.

ಆ ಮೊಹರು ಹೇಳದೆ ಬಿಡುವ ವಿಷಯ ಇದಕ್ಕಿಂತ ಮುಖ್ಯ. ಕಾಗದದ ಒಳಗೆ ಬರೆದಿರುವುದು ಸತ್ಯ ಎಂದು ನೋಟರಿ ಹೇಳುವುದಿಲ್ಲ. ‘ನನ್ನ ವಾರ್ಷಿಕ ಆದಾಯ ಇಷ್ಟು’ ಎಂದು ಒಬ್ಬರು ಅಫಿಡವಿಟ್ ಮಾಡಿದರೆ ನೋಟರಿ ಅವರ ಹೊಲಕ್ಕೆ ಹೋಗಿ ಬೆಳೆ ಎಣಿಸಿರುವುದಿಲ್ಲ, ಎಣಿಸಬೇಕೆಂದು ಕಾನೂನೂ ಹೇಳುವುದಿಲ್ಲ. ಮಾರುವವನಿಗೆ ಆ ಜಮೀನಿನ ಮೇಲೆ ಹಕ್ಕಿದೆಯೇ, ಸಾಲವಿದೆಯೇ, ದಾಯಾದಿಗಳ ಪಾಲಿದೆಯೇ ಎಂಬುದನ್ನೂ ಅವರು ತನಿಖೆ ಮಾಡುವುದಿಲ್ಲ. ಹಾಗಾಗಿ ನೋಟರಿ ಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಸಹಿ ಮಾಡಿದವರು ಯಾರು ಎಂಬುದೇ ಮುಂದೆ ತಕರಾರಿಗೆ ಬರಬಹುದೇ? ಅಥವಾ ಪ್ರಮಾಣ ಮಾಡಿಯೇ ಹೇಳಬೇಕೆಂದು ಕಾನೂನು ಕೇಳುತ್ತದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ಸಾಲಿಗೆ ನಿಮ್ಮ ನಮೂನೆಯಲ್ಲಿ ಕೆಲಸವಿಲ್ಲ.

ಹೌದು ಎಂಬ ಉತ್ತರ ಬರುವ ಸಂದರ್ಭಗಳು ಖಂಡಿತ ಇವೆ, ಅವು ಗಂಭೀರವಾದವು. ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಮಗಳು ದಾವಣಗೆರೆಯ ಮನೆಯ ಪಾಲುಪತ್ರಕ್ಕೆ ತನ್ನ ಪರವಾಗಿ ಸಹಿ ಹಾಕಲು ತಮ್ಮನಿಗೆ ಅಧಿಕಾರ ಕೊಡಬೇಕಾಗಿದೆ ಎಂದುಕೊಳ್ಳಿ. ಇಲ್ಲಿನ ಉಪನೋಂದಣಾಧಿಕಾರಿ ಅವಳ ಮುಖ ನೋಡಿಲ್ಲ, ನೋಡುವುದೂ ಇಲ್ಲ. ಅವಳ ಹೆಸರಿನಲ್ಲಿ ಇನ್ನಾರೋ ಸಹಿ ಮಾಡಿಲ್ಲ ಎಂಬುದಕ್ಕೆ ಆಧಾರ ಬೇಕು. ಅದಕ್ಕೇ 1908ರ ನೋಂದಣಿ ಕಾಯ್ದೆಯ 33ನೇ ಕಲಂ ವಿದೇಶದಲ್ಲಿ ಬರೆದ ಜಿಪಿಎ ಅಥವಾ ಅಧಿಕಾರ ಪತ್ರ ಅಲ್ಲಿನ ನೋಟರಿ, ನ್ಯಾಯಾಧೀಶ, ಮ್ಯಾಜಿಸ್ಟ್ರೇಟ್ ಅಥವಾ ಭಾರತದ ಕಾನ್ಸುಲ್ ಮುಂದೆಯೇ ಆಗಬೇಕು ಎನ್ನುತ್ತದೆ. ನಮ್ಮ ದೂತಾವಾಸದ ಅಧಿಕಾರಿಗಳಿಗೆ ನೋಟರಿಯ ಕೆಲಸ ಮಾಡುವ ಅಧಿಕಾರವನ್ನು 1948ರ ಕಾಯ್ದೆಯೊಂದು ಕೊಟ್ಟಿದೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಅಪಾಸ್ಟಿಲ್ ಎಂಬ ದೃಢೀಕರಣ ಆ ಕಾಗದಕ್ಕೆ ಗಡಿ ದಾಟುವ ಬಲ ಕೊಡುತ್ತದೆ. ಭಾರತದಲ್ಲಿ ಈ ಒಪ್ಪಂದ 2005ರ ಜುಲೈಯಿಂದ ಜಾರಿಯಲ್ಲಿದೆ. ಕಾಗದ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಮಾತ್ರ ಅನೇಕರು ಮರೆತು ಆಮೇಲೆ ಪರದಾಡುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಬರೆದ ಇಂಥದೇ ಒಂದು ಅಧಿಕಾರ ಪತ್ರದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ತೀರ್ಪು 1971ರ ಕಾನೂನು ವರದಿಗಳಲ್ಲಿದೆ. ಮೊದಲು ಬರೆದ ಪತ್ರದಲ್ಲಿ ನೋಟರಿಯ ಸಹಿ ಇತ್ತು, ಆದರೆ ಸಹಿ ಮಾಡಿದವರ ಗುರುತು ತನಗೆ ಖಾತ್ರಿಯಾಗಿದೆ ಎಂಬ ಮಾತು ಇರಲಿಲ್ಲ. ಅಷ್ಟಕ್ಕೇ ನ್ಯಾಯಾಲಯ ಅದರಲ್ಲಿ ಕೊರತೆ ಕಂಡಿತು. ಗುರುತಿನ ಬಗ್ಗೆ ಸ್ಪಷ್ಟವಾಗಿ ಬರೆದ ಎರಡನೆಯ ಪತ್ರ ಬಂದಾಗ ಕೊರತೆ ನೀಗಿತು. ನೋಟರಿಯ ಕೆಲಸದ ತಿರುಳು ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನಾನು ಕಂಡಿಲ್ಲ. ನ್ಯಾಯಾಲಯಕ್ಕೆ ಕೊಡುವ ಅಫಿಡವಿಟ್ಟುಗಳೂ ಇದೇ ಸಾಲಿಗೆ ಸೇರುತ್ತವೆ. ಸಾಕ್ಷಿಕಟ್ಟೆಗೆ ಬಾರದ ವ್ಯಕ್ತಿಯ ಮಾತನ್ನು ಕಾಗದದ ಮೇಲೆ ಪ್ರಮಾಣವಾಗಿ ಸ್ವೀಕರಿಸುವಾಗ ಯಾರಾದರೂ ಎದುರು ಕೂತು ಪ್ರಮಾಣ ಮಾಡಿಸಿರಲೇಬೇಕು. ಚುನಾವಣೆಗೆ ನಿಲ್ಲುವವರು ಆಸ್ತಿ ಮತ್ತು ಕ್ರಿಮಿನಲ್ ಪ್ರಕರಣಗಳ ವಿವರವನ್ನು ನಮೂನೆ 26ರಲ್ಲಿ ನೋಟರಿ, ಓತ್ ಕಮಿಷನರ್ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಕೊಡುವುದು ಎಲ್ಲರಿಗೂ ಗೊತ್ತಿರುವ ಉದಾಹರಣೆ. 2002ರಲ್ಲಿ ಸುಪ್ರೀಂ ಕೋರ್ಟ್ ಮತದಾರನಿಗೆ ಆ ಮಾಹಿತಿ ತಿಳಿಯುವ ಹಕ್ಕಿದೆ ಎಂದ ಮೇಲೆ ಬಂದ ವ್ಯವಸ್ಥೆ ಇದು. ಅಲ್ಲಿ ‘ಆ ಸಹಿ ನನ್ನದಲ್ಲ’ ಎಂದು ಮುಂದೆ ಯಾರೂ ಜಾರಿಕೊಳ್ಳುವಂತಿರಬಾರದು. ಜಾರಿಕೊಳ್ಳುವ ದಾರಿ ಮುಚ್ಚುವುದಕ್ಕೆ ನೋಟರಿ ಬೇಕು.

ಈಗ ನಿಮ್ಮ ಕೌಂಟರಿಗೆ ಬರೋಣ. ನಮ್ಮ ನಾಡಿನಲ್ಲಿ ಅಫಿಡವಿಟ್ ಮಾಡಿಸುವವರ ಒಂದು ದೊಡ್ಡ ಪಾಲು ಹೆಸರಿನ ತೊಡಕಿಗೆ ಸಿಕ್ಕಿಕೊಂಡವರು ಎಂಬುದು ಯಾವುದೇ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕಾಣುತ್ತದೆ. ನಮ್ಮಲ್ಲಿ ಇನಿಷಿಯಲ್ಲು ಕೆಲವರಿಗೆ ಹೆಸರಿನ ಹಿಂದೆ, ಕೆಲವರಿಗೆ ಮುಂದೆ. ಅದು ಅಪ್ಪನ ಹೆಸರೂ ಆಗಬಹುದು, ಊರಿನ ಹೆಸರೂ ಆಗಬಹುದು, ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಗೆ ಸೇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಬಿಡಿಸಿ ಬರೆದದ್ದು, ಪಹಣಿಯಲ್ಲಿ ಕನ್ನಡದ ಇನ್ನೊಂದು ಕಾಗುಣಿತ. ಈ ವ್ಯತ್ಯಾಸಗಳಲ್ಲಿ ಎಷ್ಟೋ ಅರ್ಜಿದಾರನ ತಪ್ಪಲ್ಲ. ಯಾವುದೋ ಕಚೇರಿಯಲ್ಲಿ ಕಂಪ್ಯೂಟರಿಗೆ ತುಂಬಿದವರು ಮಾಡಿದ್ದು. ಆದರೂ ‘ಎರಡೂ ಹೆಸರು ನನ್ನವೇ’ ಎಂದು ಅಫಿಡವಿಟ್ ತರಬೇಕಾದವನು ಅವನೇ. ಆ ಅಫಿಡವಿಟ್ಟಿನಿಂದ ನಿಮಗೆ ಹೊಸದಾಗಿ ತಿಳಿದದ್ದೇನು? ನೋಟರಿಗೆ ಆ ವಿಷಯ ಗೊತ್ತಿರಲು ಸಾಧ್ಯವಿಲ್ಲ. ಅರ್ಜಿದಾರ ಬಾಯಲ್ಲಿ ಹೇಳಿದ್ದನ್ನೇ 100 ರೂಪಾಯಿಯ ಕಾಗದದ ಮೇಲೆ ಮತ್ತೆ ಹೇಳಿದ್ದಾನೆ. ಸತ್ಯ ತಿಳಿಯಬೇಕಾದರೆ ಎರಡೂ ದಾಖಲೆಗಳಲ್ಲಿ ಹುಟ್ಟಿದ ದಿನಾಂಕ, ತಂದೆತಾಯಿಯ ಹೆಸರು, ಫೋಟೊ ಹೊಂದುತ್ತವೆಯೇ ಎಂದು ನೀವೇ ನೋಡಬೇಕು. ಅದನ್ನು ನೋಡಿದ ಮೇಲೆ ಬಿಳಿ ಹಾಳೆಯ ಸ್ವಯಂ ಘೋಷಣೆ ಸಾಕು. ನೋಡದೆ ಬಿಟ್ಟರೆ ಯಾವ ಮೊಹರೂ ಸಾಲದು. ಓದು ಮಧ್ಯೆ ಬಿಟ್ಟ ವರ್ಷ ಏನು ಮಾಡುತ್ತಿದ್ದೆ ಎಂದು ವಿದ್ಯಾರ್ಥಿ ಕೊಡುವ ಅಫಿಡವಿಟ್, ಹಾಸ್ಟೆಲ್ಲಿನ ಮುಚ್ಚಳಿಕೆ, ಕಳೆದುಹೋದ ಪಾಸ್‌ಬುಕ್ಕಿನ ಅಫಿಡವಿಟ್ ಎಲ್ಲವಕ್ಕೂ ಇದೇ ಮಾತು ಹೊಂದುತ್ತದೆ.

ಹೋಗಲಿ, ಒಂದು ಕಾಗದ ಹೆಚ್ಚಾದರೆ ಏನಾಯಿತು ಎಂದು ನೀವು ಕೇಳಬಹುದು. ಪ್ರತಿ ಕಚೇರಿಯೂ ‘ನೋಟರಿ ಆಗಿದೆಯಾ?’ ಎಂದು ಕೇಳಿ, ಆಗಿದ್ದರೆ ಕಾಗದ ತೆಗೆದುಕೊಂಡು, ಆಗದಿದ್ದರೆ ವಾಪಸ್ ಕಳಿಸಿ, ಜನರಿಗೆ ಒಂದು ಪಾಠ ಕಲಿಸಿದೆ: ಮೊಹರು ಬಿದ್ದರೆ ಕಾಗದ ಪಕ್ಕಾ, ಸರ್ಕಾರವೇ ಒಪ್ಪಿದ ಹಾಗೆ. ಆ ಪಾಠ ಕಲಿತವರು ಊರ ಹೊರಗಿನ ರೆವೆನ್ಯೂ ಸೈಟು ನೋಡಲು ಹೋಗುತ್ತಾರೆ. ಕೃಷಿ ಜಮೀನನ್ನು ಭೂಪರಿವರ್ತನೆ ಮಾಡದೆ ತುಂಡು ಮಾಡಿ ಮಾರುವ ಕಡೆ ಕ್ರಯಪತ್ರದ ನೋಂದಣಿಗೆ ತೊಡಕು. ಹಾಗಾಗಿ ಸ್ಟಾಂಪ್ ಪೇಪರಿನ ಮೇಲೆ ಕರಾರು, ಜೊತೆಗೊಂದು ಜಿಪಿಎ, ಎರಡಕ್ಕೂ ನೋಟರಿಯ ಮೊಹರು. ಕೊಂಡವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಕಾನೂನಿನಲ್ಲಿ ಅವರ ಕೈಗೆ ಬಂದದ್ದು ಬಹಳ ಕಡಿಮೆ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳುತ್ತದೆ; ಮಾರಾಟದ ಕರಾರು ತಾನಾಗಿ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಕರಾರು, ಜಿಪಿಎ ಮತ್ತು ವಿಲ್ ಸೇರಿಸಿ ಮಾಡುವ ‘ಮಾರಾಟ’ದಿಂದ ಮಾಲೀಕತ್ವ ಬರುವುದಿಲ್ಲ.

ಇದರಲ್ಲಿ ಇನ್ನೊಂದು ಅಪಾಯ ಅಡಗಿದೆ, ಅದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ನೋಂದಣಿಯಾದ ವ್ಯವಹಾರ ಋಣಭಾರ ಪ್ರಮಾಣಪತ್ರದಲ್ಲಿ, ಜನ ಇ.ಸಿ. ಎನ್ನುವ ಕಾಗದದಲ್ಲಿ, ಕಾಣುತ್ತದೆ. ಮುಂದೆ ಕೊಳ್ಳುವವರು ಹುಡುಕಿ ನೋಡಬಹುದು. ನೋಟರಿಯ ರಿಜಿಸ್ಟರು ನೋಟರಿಯ ಕಚೇರಿಯಲ್ಲಿರುತ್ತದೆ. ಸರ್ವೆ ನಂಬರು ಹಾಕಿ ಅದನ್ನು ಹುಡುಕುವ ದಾರಿ ಸಾರ್ವಜನಿಕರಿಗೆ ಇಲ್ಲ. ಒಂದೇ ಸೈಟನ್ನು ಬೇರೆ ಬೇರೆ ನೋಟರಿಗಳ ಮುಂದೆ ಮೂರು ನಾಲ್ಕು ಜನರಿಗೆ ಬರೆದುಕೊಟ್ಟರೂ ಒಂದು ಕಾಗದ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಆಯಾ ದಿನ ಆ ವ್ಯಕ್ತಿ ಬಂದು ಸಹಿ ಹಾಕಿದ್ದು ನಿಜವಾದ್ದರಿಂದ ನಾಲ್ಕೂ ಮೊಹರು ಅಸಲಿಯೇ. ವಿಲ್ ವಿಷಯದಲ್ಲೂ ಇದೇ ಭ್ರಮೆ ಕೆಲಸ ಮಾಡುತ್ತದೆ. 1925ರ ಉತ್ತರಾಧಿಕಾರ ಕಾಯ್ದೆ ವಿಲ್ಲಿಗೆ ಕೇಳುವುದು ಇಬ್ಬರು ಸಾಕ್ಷಿಗಳನ್ನು, ನೋಟರಿಯನ್ನಲ್ಲ. ಮೊಹರು ಹಾಕಿಸಿದ್ದೇವಲ್ಲ ಎಂದು ಸಾಕ್ಷಿಗಳ ವಿಷಯದಲ್ಲಿ ಉದಾಸೀನ ಮಾಡಿದ ಮನೆಯಲ್ಲಿ ಸತ್ತವರ ಕೊನೆಯಾಸೆ ಬಿದ್ದುಹೋಗುತ್ತದೆ. ಮದುವೆಯನ್ನೂ ವಿಚ್ಛೇದನವನ್ನೂ ನೋಟರಿಯ ಮುಂದೆ ಬರೆಸಿಕೊಳ್ಳುವ ರೂಢಿ ಎಷ್ಟು ಬೆಳೆಯಿತೆಂದರೆ 2024ರ ಅಕ್ಟೋಬರಿನಲ್ಲಿ ಕೇಂದ್ರ ಕಾನೂನು ಸಚಿವಾಲಯ, ನೋಟರಿಗಳು ವಿವಾಹಾಧಿಕಾರಿಗಳಲ್ಲ, ಅಂಥ ಪತ್ರ ಮಾಡಿಕೊಡಕೂಡದು ಎಂದು ಎಚ್ಚರಿಸಬೇಕಾಯಿತು. ಆ ಕಾಗದ ನಂಬಿ ಸಂಸಾರ ಮಾಡಿದ ಹೆಣ್ಣುಮಗಳು ನಾಳೆ ಜೀವನಾಂಶ ಕೇಳುವಾಗ ತಾನು ಹೆಂಡತಿ ಎಂದು ಸಾಬೀತು ಮಾಡಲು ಪಡುವ ಪಾಡನ್ನು ನೆನೆಯಿರಿ. ಇದಕ್ಕೆಲ್ಲ ನಿಮ್ಮ ಅರ್ಜಿ ನಮೂನೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಲಾಭ ಮಾಡಿಕೊಳ್ಳುವ ದಲ್ಲಾಳಿಗಳಿದ್ದಾರೆ, ಕಣ್ಣುಮುಚ್ಚಿ ಮೊಹರು ಒತ್ತುವವರೂ ಇದ್ದಾರೆ. ಆದರೆ ಮೊಹರಿನ ಮೇಲಿನ ಈ ಕುರುಡು ಭರವಸೆ ಜನರಿಗೆ ಕಾನೂನು ಪುಸ್ತಕದಿಂದ ಬಂದದ್ದಲ್ಲ, ಸರ್ಕಾರದ ಕಿಟಕಿಗಳ ಎದುರು ನಿಂತೂ ನಿಂತೂ ಬಂದದ್ದು ಎಂಬುದು ನನ್ನ ದೃಢ ಅಭಿಪ್ರಾಯ.

ನಿಮ್ಮ ಮೊದಲ ಆಕ್ಷೇಪ ನನಗೆ ಗೊತ್ತು: ನೋಟರಿ ಕೇಳದಿದ್ದರೆ ಜನ ಸುಳ್ಳು ಹೇಳುತ್ತಾರೆ, ಪ್ರಮಾಣದ ಭಯವಾದರೂ ಇರಲಿ. ಈ ಮಾತನ್ನು ಪರೀಕ್ಷಿಸಲು ಪಾಸ್‌ಪೋರ್ಟ್ ಇದೆ. ದೇಶದ ಭದ್ರತೆಗೆ ಸಂಬಂಧಿಸಿದ, ನಿಮ್ಮಲ್ಲಿ ಹೆಚ್ಚಿನವರ ಅರ್ಜಿಗಳಿಗಿಂತ ಎಷ್ಟೋ ಸೂಕ್ಷ್ಮವಾದ ದಾಖಲೆ ಅದು. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಅರ್ಜಿಯ ಅನುಬಂಧಗಳನ್ನೆಲ್ಲ ಬಿಳಿ ಹಾಳೆಯ ಸ್ವಯಂ ಘೋಷಣೆಯಾಗಿ ಮಾಡಿತು. ನೋಟರಿಯಾಗಲಿ ಮ್ಯಾಜಿಸ್ಟ್ರೇಟರಾಗಲಿ ದೃಢೀಕರಿಸುವುದು ಬೇಡ ಎಂದಿತು. ಸುಳ್ಳು ಮಾಹಿತಿ ಕೊಟ್ಟರೆ ಪಾಸ್‌ಪೋರ್ಟ್ ಕಾಯ್ದೆಯಡಿ ಶಿಕ್ಷೆ ಆಗಲೂ ಇತ್ತು, ಈಗಲೂ ಇದೆ. ಅಲ್ಲಿ ಸತ್ಯ ತಿಳಿಯಲು ಮೂಲ ದಾಖಲೆ ನೋಡುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಪೊಲೀಸ್ ಪರಿಶೀಲನೆ ಇದೆ. ಅದಕ್ಕೂ ಮೊದಲು, ನಮ್ಮವರೇ ಆದ ಮಾಜಿ ಮುಖ್ಯಮಂತ್ರಿ ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ತನ್ನ 12ನೇ ವರದಿಯಲ್ಲಿ ಸ್ವಯಂ ದೃಢೀಕರಣವನ್ನು ಶಿಫಾರಸು ಮಾಡಿತ್ತು. ಸುಳ್ಳಿಗೆ ತಡೆ ಹಾಕುವುದು ನಿಮ್ಮ ಪರಿಶೀಲನೆ ಮತ್ತು ಶಿಕ್ಷೆ. ಕಾಗದದ ಹೊರರೂಪವನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಖಾನಾಪುರ ಮೂಲದ ತೆಲಗಿಯ ನಕಲಿ ಛಾಪಾ ಕಾಗದಗಳು ಈ ರಾಜ್ಯಕ್ಕೆ ತೋರಿಸಿಕೊಟ್ಟಿವೆ.

ಎರಡನೆಯ ಆಕ್ಷೇಪಕ್ಕೆ ನನ್ನಲ್ಲಿ ಹೆಚ್ಚು ಗೌರವವಿದೆ. ಓದು ಬರಹ ಬಾರದ ಮುದುಕಿಯ ಹೆಬ್ಬೆಟ್ಟನ್ನು ಮನೆಯವರೇ ಮೋಸದಿಂದ ಒತ್ತಿಸಿಕೊಳ್ಳಬಹುದು. ವಕೀಲರೊಬ್ಬರ ಎದುರು ಆಗಲಿ ಎಂದು ಕೇಳುವುದು ಅವಳ ರಕ್ಷಣೆಗಲ್ಲವೇ? ಹೌದು, ವಂಶವೃಕ್ಷ, ಪಾಲು, ಹಕ್ಕುಬಿಡುಗಡೆ, ಪಿಂಚಣಿ ವಿಷಯಗಳಲ್ಲಿ ಈ ಅಪಾಯ ನಿಜ. ಅಲ್ಲಿ ನೋಟರಿ ಇರಲಿ, ಇರಬೇಕು. ಹಕ್ಕುಬಿಡುಗಡೆಗೆ ನೋಂದಣಿಯೂ ಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಆದರೆ ಆ ಮುದುಕಿ ಖುದ್ದಾಗಿ ನೋಟರಿಯ ಎದುರು ಕೂತು, ಬರೆದದ್ದನ್ನು ಅವಳಿಗೆ ಅರ್ಥವಾಗುವ ಕನ್ನಡದಲ್ಲಿ ಓದಿ ಹೇಳಿಸಿಕೊಂಡು, ಹೂಂ ಎಂದ ಮೇಲೆ ಹೆಬ್ಬೆಟ್ಟು ಒತ್ತಿದರಷ್ಟೇ ಅದು ರಕ್ಷಣೆ. ಅಂಗಡಿ ಹುಡುಗನ ಕೈಯಲ್ಲಿ ಇಪ್ಪತ್ತು ಕಾಗದದ ಕಟ್ಟು ಕಳಿಸಿ ಮೊಹರು ಹಾಕಿಸಿ ತರುವ ಪದ್ಧತಿಯಲ್ಲಿ ಅವಳಿಗೆ ಯಾವ ರಕ್ಷಣೆಯೂ ಇಲ್ಲ. ಆ ಪದ್ಧತಿ ಬೆಳೆದದ್ದು ಹೇಗೆ ಎಂದು ಯೋಚಿಸಿ. ಕಾಲೇಜು ಪ್ರವೇಶದ ದಿನಗಳಲ್ಲಿ ನೀವೆಲ್ಲ ಒಟ್ಟಿಗೆ ನೂರಾರು ಮಕ್ಕಳನ್ನು ಒಂದೇ ವಾರದಲ್ಲಿ ಕಳಿಸಿದರೆ, ಯಾವ ನೋಟರಿ ಪ್ರತಿಯೊಬ್ಬರನ್ನೂ ಎದುರು ಕೂರಿಸಿಕೊಂಡು ಗುರುತು ನೋಡಿ ಓದಿ ಹೇಳಲು ಸಾಧ್ಯ? ಅನಗತ್ಯ ಕಾಗದಗಳ ರಾಶಿಯೇ ಅಗತ್ಯವಾದ ಕಾಗದಕ್ಕೆ ಸಿಗಬೇಕಾದ ಗಮನವನ್ನು ತಿಂದುಹಾಕಿದೆ.

ಆಡಿಟ್ ಬಂದಾಗ ಕಡತದಲ್ಲಿ ಏನಾದರೂ ಇರಬೇಕಲ್ಲ ಎಂಬ ನಿಮ್ಮ ಅಳಲನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಕೆಳಗಿನ ನೌಕರರು ಒಂಟಿಯಾಗಿ ಈ ಸಾಲು ತೆಗೆಯಲಾರರು. ಇಲಾಖೆಯ ಮುಖ್ಯಸ್ಥರು ಲಿಖಿತ ಆದೇಶ ಹೊರಡಿಸಬೇಕು. ಆದರೆ ತಪ್ಪು ವ್ಯಕ್ತಿಗೆ ಹಣವೋ ಖಾತೆಯೋ ಹೋದ ದಿನ ‘ನೋಟರಿ ಮೊಹರಿತ್ತು’ ಎಂಬ ಉತ್ತರ ನಿಮ್ಮನ್ನು ಕಾಯುವುದಿಲ್ಲ. ಮೂಲ ದಾಖಲೆ ಯಾಕೆ ನೋಡಲಿಲ್ಲ ಎಂದೇ ಕೇಳುತ್ತಾರೆ. ಮೂಲವನ್ನು ನೋಡಿ, ‘ಮೂಲದೊಂದಿಗೆ ತಾಳೆ ನೋಡಿದೆ’ ಎಂದು ನೀವೇ ಸಹಿ ಹಾಕಿದ ಪ್ರತಿ ಕಡತದಲ್ಲಿ ಹೆಚ್ಚು ಗಟ್ಟಿ. ಇನ್ನು ನೋಟರಿ ವಕೀಲರ ಅನ್ನದ ಪ್ರಶ್ನೆ. ಕಾಯ್ದೆ ಅವರಿಗೆ ಕೊಟ್ಟ ಕೆಲಸ ಬಹಳ ದೊಡ್ಡದು. ವಿದೇಶಕ್ಕೆ ಹೋಗುವವರ ಕಾಗದಗಳು, ಕನ್ನಡ ದಾಖಲೆಗಳ ಅನುವಾದದ ದೃಢೀಕರಣ, 1999ರ ತಿದ್ದುಪಡಿಯ ಬಳಿಕ ಸಾಕ್ಷ್ಯ ದಾಖಲಿಸುವ, ರಾಜಿಸಂಧಾನ ಮಾಡಿಸುವ ಅವಕಾಶ ಕೂಡ ಇದೆ. ಅರ್ಧ ಗಂಟೆ ಕೂತು ಮಾಡಿದ ಒಂದು ಅಧಿಕಾರ ಪತ್ರಕ್ಕೆ ನ್ಯಾಯವಾದ ಶುಲ್ಕ ಸಿಗಲಿ, ಅದಕ್ಕಾಗಿ ದರ ಪರಿಷ್ಕರಿಸಬೇಕೆಂದರೆ ನಾನೂ ಒಪ್ಪುತ್ತೇನೆ. ಅವರ ಜೀವನ ನಡೆಯಲೆಂದು ಬಡ ವಿದ್ಯಾರ್ಥಿ ಬೇಡದ ಕಾಗದಕ್ಕೆ ಹಣ ತೆರಬೇಕು ಎಂಬ ವಾದವನ್ನು ಮಾತ್ರ ಒಪ್ಪಲಾರೆ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಮುಂದಿನ ಜೂನಿನ ಪ್ರವೇಶಗಳು ಶುರುವಾಗುವ ಮೊದಲು ನಿಮ್ಮ ನಮೂನೆಗಳನ್ನು ತೆಗೆದು ಈ ಸಾಲು ಇರುವ ಕಡೆಯೆಲ್ಲ ಯಾವ ಕಾನೂನು, ಯಾವ ನಿಯಮ ಇದನ್ನು ಕೇಳುತ್ತದೆ ಎಂದು ಪಕ್ಕದಲ್ಲಿ ಬರೆಯಲು ನೋಡಿ. ಬರೆಯಲಾಗದ ಕಡೆ ಅದನ್ನು ಹೊಡೆದುಹಾಕಿ, ಸ್ವಯಂ ಘೋಷಣೆಯ ಮಾದರಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಸುಳ್ಳು ಹೇಳಿದರೆ ಏನು ಶಿಕ್ಷೆ ಎಂಬುದನ್ನು ಅದರಲ್ಲೇ ಸೇರಿಸಿ. ಸಾಲು ಉಳಿಯುವ ಕಡೆ ನೋಟರಿಯ ಹೆಸರು, ನೇಮಕದ ಪ್ರದೇಶ, ರಿಜಿಸ್ಟರಿನ ಕ್ರಮಸಂಖ್ಯೆ ಮತ್ತು ದಿನಾಂಕಕ್ಕೆ ಪ್ರತ್ಯೇಕ ಜಾಗ ಬಿಡಿ. ಅರ್ಜಿದಾರ ಖುದ್ದಾಗಿ ಹಾಜರಿದ್ದರೆಂದೂ ಅವರ ಗುರುತನ್ನು ಯಾವ ದಾಖಲೆಯಿಂದ ನೋಡಲಾಯಿತೆಂದೂ ನೋಟರಿ ಬರೆಯಲೇಬೇಕೆಂದು ಸೂಚಿಸಿ. ಒಳಗೂ ಹೊರಗೂ ಶುಲ್ಕದ ಪಟ್ಟಿ ಹಾಕಬೇಕೆಂಬ ನಿಯಮ ನೋಟರಿಗಳಿಗಿದೆ ಎಂಬುದನ್ನು ನಿಮ್ಮ ಸೂಚನಾ ಫಲಕದಲ್ಲಿ ಜನರಿಗೆ ತಿಳಿಸಿ. ಅನುಮಾನ ಬಂದ ಕಾಗದದ ಕ್ರಮಸಂಖ್ಯೆ ಹಿಡಿದು ಆ ನೋಟರಿಯನ್ನು ವಿಚಾರಿಸಿ, ರಿಜಿಸ್ಟರಿನಲ್ಲಿ ಆ ನಮೂದು ಇಲ್ಲದಿದ್ದರೆ ನೇಮಿಸಿದ ಸರ್ಕಾರಕ್ಕೆ ಬರೆಯಿರಿ.

ಇತಿ,
ನಿಮ್ಮ ಕಿಟಕಿಗಳ ಎದುರು ನಿಲ್ಲುವ ಒಬ್ಬ ನಾಗರಿಕ